ಸಂಶೋಧನಾ ಲೇಖನದ ಪೀಠಿಕೆಯೂ ನಮ್ಮ ಬರವಣಿಗೆಯ ರೂಢಿಯೂ

ಹೊರನಾಡ ಕನ್ನಡ ಮನೆಗಳಲ್ಲಿ ಸಂಶೋಧನೆಗೆ ತೊಡಗಿರುವ ಮಗನೋ ಮಗಳೋ ಇರುವುದು ಇಂದು ವಿರಳವೇನಲ್ಲ. ಅವರು ಕಳುಹಿಸಿದ ಲೇಖನ 'ಭಾಷೆಯನ್ನು ಸುಧಾರಿಸಿರಿ' ಎಂಬ ಷರಾ ಹೊತ್ತು ಮರಳಿದಾಗ ನಾವು ಮೊದಲು ಶಂಕಿಸುವುದು ವ್ಯಾಕರಣವನ್ನು. ಅನೇಕ ವೇಳೆ ತೊಡಕಿರುವುದು ವಿಷಯವನ್ನು ಜೋಡಿಸಿದ ಕ್ರಮದಲ್ಲಿ.

ವಿಜ್ಞಾನ ಲೇಖನದ ಸಾಮಾನ್ಯ ಚೌಕಟ್ಟು ಪರಿಚಿತವೇ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಇವುಗಳಲ್ಲಿ ವಿಧಾನ, ಫಲಿತಾಂಶಗಳನ್ನು ಇಂಗ್ಲಿಷ್ ಮನೆಮಾತಲ್ಲದವರೂ ಹೆಚ್ಚು ಕಷ್ಟವಿಲ್ಲದೆ ಬರೆಯುತ್ತಾರೆ. ಮಾಡಿದ್ದನ್ನೂ ಕಂಡದ್ದನ್ನೂ ಹೇಳಿದರಾಯಿತು. ಪೀಠಿಕೆ ಹಾಗಲ್ಲ. ಭಾಷಾತಜ್ಞ ಜಾನ್ ಸ್ವೇಲ್ಸ್ 1990ರ ತಮ್ಮ ಗ್ರಂಥದಲ್ಲಿ ಅದರ ಮೂರು ನಡೆಗಳನ್ನು ವಿವರಿಸಿದ್ದಾರೆ. ಕ್ಷೇತ್ರದ ಮಹತ್ವವನ್ನು ತೋರುವುದು ಮೊದಲನೆಯದು. ಅಲ್ಲಿ ಉಳಿದಿರುವ ಕೊರತೆಯನ್ನು ಎತ್ತಿ ಹೇಳುವುದು ಎರಡನೆಯದು. ಅದನ್ನು ಈ ಲೇಖನ ಹೇಗೆ ತುಂಬುವುದೆಂದು ಸಾರುವುದು ಮೂರನೆಯದು.

ಅನ್ಯಭಾಷಿಕರು ಹಿಂಜರಿಯುವುದು ಹೆಚ್ಚಾಗಿ ಎರಡನೆಯ ನಡೆಯಲ್ಲಿ. ಮಲಯ, ಚೀನಿ ಭಾಷಿಕರ ಲೇಖನಗಳನ್ನು ಪರಿಶೀಲಿಸಿದವರು ಈ ಸಂಕೋಚವನ್ನು ಗುರುತಿಸಿದ್ದಾರೆ. ನಮಗೂ ಇದು ಅಪರಿಚಿತವಲ್ಲ. ಹಿರಿಯರ ಕೆಲಸದಲ್ಲಿ ಲೋಪವಿದೆಯೆನ್ನಲು ನಾಲಗೆ ಏಳದು. ಹೀಗಾಗಿ ಹಿಂದಿನವರ ಹೆಸರುಗಳನ್ನು ಸಾಲಾಗಿ ಸ್ಮರಿಸಿ (ಒಂದು ಬಗೆಯ ತರ್ಪಣವೆನ್ನೋಣ), ನೇರವಾಗಿ ಪ್ರಯೋಗಕ್ಕೆ ಇಳಿದುಬಿಡುತ್ತೇವೆ. ಈ ಪ್ರಯೋಗವೇಕೆ ಬೇಕಿತ್ತೆಂಬುದು ಪರಿಶೀಲಕನಿಗೆ ತಿಳಿಯದೇ ಹೋಗುತ್ತದೆ.

ಇನ್ನೊಂದು ಭೇದವೂ ಉಂಟು. ಫಿನ್ಲೆಂಡಿನ ಆನಾ ಮೌರಾನೆನ್ 1993ರಲ್ಲಿ ತಮ್ಮ ದೇಶೀಯರ ಬರಹಗಳನ್ನು ಇಂಗ್ಲಿಷರ ಬರಹಗಳೊಡನೆ ಹೋಲಿಸಿದರು. 'ಮುಂದೆ ಇದನ್ನು ಹೇಳಲಿದ್ದೇವೆ' ಎಂಬಂತಹ ದಾರಿಸೂಚಕ ವಾಕ್ಯಗಳು ಫಿನ್ನಿಷ್ ಲೇಖಕರಲ್ಲಿ ಕಡಿಮೆ. ಮುಖ್ಯ ಮಾತು ಕೊನೆಯತ್ತ ಬರುತ್ತದೆ. ನಾವು ಶಾಲೆಯಲ್ಲಿ ಕಲಿತ ಪ್ರಬಂಧವೂ ಹೀಗೆಯೇ ಅಲ್ಲವೆ? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಸಾರವೆಲ್ಲ ಉಪಸಂಹಾರಕ್ಕೆ ಮೀಸಲು. ಇದು ಬುದ್ಧಿಯ ದೋಷವಲ್ಲ, ಓದುಗನ ಮೇಲಿಟ್ಟ ನಂಬಿಕೆ. ಆದರೆ ಇಂಗ್ಲಿಷ್ ಪತ್ರಿಕೆಯ ಓದುಗ ಕಾಯುವವನಲ್ಲ. ಪೀಠಿಕೆಯ ಕೊನೆಯ ಪರಿಚ್ಛೇದದಲ್ಲೇ ಅವನಿಗೆ ಲೇಖನದ ಉದ್ದೇಶ ಸಿಗಬೇಕು.

ಮಕ್ಕಳಿಗೆ ಮಾದರಿ ತೋರಿಸಬೇಕೆಂದರೆ ದೂರ ಹೋಗಬೇಕಿಲ್ಲ. 1928ರಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಬರಹವು ಕಾಂಪ್ಟನ್ನರ ಎಕ್ಸ್-ಕಿರಣ ಶೋಧದಿಂದ ಆರಂಭವಾಗಿ, ಸಾಮಾನ್ಯ ಬೆಳಕಿನಲ್ಲಿಯೂ ಅಂತಹುದೇ ಚದುರುವಿಕೆ ಇರಬೇಕೆಂಬ ಊಹೆಗೆ ಹೊರಳಿ, ಒಡನೆಯೇ ಪ್ರಯೋಗಕ್ಕೆ ಬರುತ್ತದೆ. ಇವರಿಬ್ಬರ ಮನೆಮಾತು ತಮಿಳು.