ಕಪ್ಪು ಟೀ ಶರ್ಟ್ ಮೇಲೆ ಬಣ್ಣದ ವೇಷ

ಪುತ್ತೂರು, ಸುಳ್ಯ, ಕಡಬದಲ್ಲಿ ಹೊಸದಾಗಿ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದವರಿಗೆ ನಾವು ಫೆಸ್ಟ್ ಆರ್ಡರ್ ಕೊಡ್ತೇವೆ ಅಂತಿಟ್ಟುಕೊಳ್ಳಿ: ಕಪ್ಪು ಟೀ ಶರ್ಟ್, ಎದೆ ಮೇಲೆ ತೆಂಕುತಿಟ್ಟಿನ ಬಣ್ಣದ ವೇಷದ ಫೋಟೋ. ಅದನ್ನು ಸಿಎಂವೈಕೆ ನಾಲ್ಕು ಬಣ್ಣಕ್ಕೆ ಒಡೆದು ಹಾಕಿದ್ರೆ ಇಡೀ ಲಾಟ್ ಹಾಳು, ನಷ್ಟ ಅವರಿಗೇ. ಯಾಕಂದ್ರೆ ಆ ಇಂಕ್ ಪಾರದರ್ಶಕ. ಕಪ್ಪು ಬಟ್ಟೆ ಅದನ್ನು ನುಂಗಿಬಿಡುತ್ತದೆ.

ಇದಕ್ಕೆ ದಾರಿ ಸಿಮ್ಯುಲೇಟೆಡ್ ಪ್ರೊಸೆಸ್. ಫೋಟೋದಲ್ಲಿ ಎದ್ದು ಕಾಣುವ ಕೆಂಪು, ಹಳದಿ, ಹಸಿರಿನಂಥ ಬಣ್ಣಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಸ್ಕ್ರೀನ್, ದಟ್ಟ ಇಂಕ್. ಕೆಂಪು, ಹಳದಿ ಚುಕ್ಕಿಗಳು ಪಕ್ಕಪಕ್ಕ ಬಿದ್ದರೆ ಕಣ್ಣಿಗೆ ಕೇಸರಿ ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಬಿಳಿ ಬೇಸ್. ಅದು ಕೈಗೆ ಅಂಟದಷ್ಟು ಒಣಗಿದ ಮೇಲೇ ಬಣ್ಣ. ಗಾಢ ನೆರಳು ಇರುವಲ್ಲಿ ಬಿಳಿಯೂ ಬೇಡ, ಬಟ್ಟೆಯ ಕಪ್ಪೇ ಸಾಕು. ಕೊನೆಗೆ ಇನ್ನೊಂದು ಬಿಳಿ ಸ್ಕ್ರೀನ್. ಮುಖದ ಚುಟ್ಟಿ ಹೊಳೆಯುವುದು ಅದರಿಂದ.

ಚುಕ್ಕಿ ಇಂಚಿಗೆ 45 ಸಾಲು ಇದ್ದರೆ ಮೆಶ್ ಸುಮಾರು ಐದು ಪಟ್ಟು, ಅಂದ್ರೆ ಇಂಚಿಗೆ 230 ಎಳೆ, ಸೆಂಟಿಮೀಟರಿಗೆ 90. ಅದಕ್ಕಿಂತ ಒರಟಾದರೆ ಸಣ್ಣ ಚುಕ್ಕಿ ನಿಲ್ಲುವುದಿಲ್ಲ.

ಮೊದಲ ಪ್ರಿಂಟ್ ಹಳೇ ಕಪ್ಪು ಬಟ್ಟೆ ಮೇಲೆ ಆಗಲಿ. ನಾವೂ ವಾಟ್ಸಾಪ್ ಫಾರ್ವರ್ಡ್ ಬಿಟ್ಟು ಒರಿಜಿನಲ್ ಫೋಟೋ ಕೊಡೋಣ.