ಹದಿನೆಂಟು ತುಂಬಿತು, ಮುಂದೇನು?

"ನಾವು ಹೋದ ಮೇಲೆ ಇವನನ್ನ ಯಾರು ನೋಡ್ಕೋತಾರೆ?" ಆಟಿಸಂ ಇರೋ, ಬುದ್ಧಿಮಾಂದ್ಯತೆ ಇರೋ ಮಕ್ಕಳ ತಂದೆ-ತಾಯಿಯನ್ನ ಮಾತಾಡಿಸಿ ನೋಡಿ, ಮಾತು ಎಲ್ಲೇ ಶುರುವಾದರೂ ಬಂದು ನಿಲ್ಲೋದು ಇಲ್ಲಿಗೇ. ಆ ಸಂಕಟ ದೊಡ್ಡದು, ನಿಜ. ಆದರೆ ಅದಕ್ಕಿಂತ ಎಷ್ಟೋ ಮೊದಲೇ ಎದುರಾಗೋ ಒಂದು ಪ್ರಶ್ನೆಯನ್ನ ನಾನು ಇವತ್ತು ಕೇಳ್ತೀನಿ. ನಿಮ್ಮ ಮಗನಿಗೆ ಹದಿನೆಂಟು ತುಂಬಿದ ಮರುದಿನ ಏನಾಗುತ್ತೆ, ಗೊತ್ತಾ?

ಎರಡು ಬಾಗಿಲು ಮುಚ್ಚುತ್ತವೆ. ಮೊದಲನೆಯದು ಶಾಲೆಯದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆಮೇಲೆ? ಕಾಲೇಜು ಸೇರಬಲ್ಲವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು ಮೀಸಲಿದೆ. ಅಷ್ಟು ಓದಲಾಗದ ಮಕ್ಕಳು ಮನೆಗೆ ಬಂದು ಕೂರ್ತಾರೆ. ಬೆಳಗ್ಗೆ ವ್ಯಾನ್ ಬರೋದು ನಿಂತುಹೋಗುತ್ತೆ, ಗೆಳೆಯರು ಇಲ್ಲವಾಗ್ತಾರೆ. ಹತ್ತು ವರ್ಷ ಕಷ್ಟಪಟ್ಟು ಕಲಿತದ್ದು ಸೋಫಾ ಮೇಲೆ ಕೂತಲ್ಲೇ ಕರಗುತ್ತೆ.

ಎರಡನೆಯದು ಸಹಿಯ ಬಾಗಿಲು. ಹದಿನೆಂಟರವರೆಗೆ ಮಗುವಿನ ಪರವಾಗಿ ಅಪ್ಪ-ಅಮ್ಮ ಸಹಿ ಹಾಕಬಹುದು. ಹದಿನೆಂಟು ತುಂಬಿತೋ, ಕಾನೂನಿನ ಕಣ್ಣಲ್ಲಿ ಆತ ವಯಸ್ಕ. ಅವನ ಬ್ಯಾಂಕ್ ಖಾತೆ, ಅವನ ಹೆಸರಿನ ಆಸ್ತಿ, ಇವುಗಳ ಮೇಲೆ ಹೆತ್ತ ತಾಯಿಯ ಸಹಿಗೂ ತನ್ನಷ್ಟಕ್ಕೆ ಬೆಲೆ ಇಲ್ಲ. ಇದು ಎಷ್ಟೋ ಮನೆಗಳಿಗೆ ಗೊತ್ತಾಗೋದೇ ಬ್ಯಾಂಕಿನ ಕೌಂಟರ್ ಮುಂದೆ ನಿಂತಾಗ!

ದಾರಿ ಇಲ್ಲವಾ? ಇದೆ ಸ್ವಾಮಿ. 1999ರಲ್ಲೇ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಅನ್ವಯ. ಇದರಡಿ ಸ್ಥಳೀಯ ಮಟ್ಟದ ಸಮಿತಿ ಇರುತ್ತೆ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಇರ್ತಾರೆ. ತಂದೆ-ತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಿದರೆ, ಪೋಷಕತ್ವ ನಿಜಕ್ಕೂ ಬೇಕಾ, ಯಾವ ವಿಷಯಕ್ಕೆ ಬೇಕು ಅಂತ ಈ ಸಮಿತಿ ನೋಡಿ ಪೋಷಕರನ್ನ ನೇಮಿಸುತ್ತೆ. ಇದೇ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ.

ಒಂದು ಮಾತು ನೆನಪಿಡಿ, ಪೋಷಕತ್ವ ಅಂದರೆ ಮಾಲೀಕತ್ವ ಅಲ್ಲ. ನೇಮಕವಾದ ಆರು ತಿಂಗಳಲ್ಲಿ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಹಿಂಸೆ ಕೊಟ್ಟರೆ, ನಿರ್ಲಕ್ಷ್ಯ ಮಾಡಿದರೆ, ಆಸ್ತಿ ನುಂಗಿದರೆ ಪೋಷಕರನ್ನ ಕಿತ್ತುಹಾಕೋದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. "ನಾವು ಹೋದ ಮೇಲೆ" ಅನ್ನೋ ಭಯಕ್ಕೆ ಕಾನೂನು ಕಟ್ಟಿರೋ ಬೇಲಿ ಇದು.

ಇನ್ನು ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿರುವವರು? ಅಂಗವೈಕಲ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಅವರಿಗೆ ಪೋಷಕರು ಬೇಕಿಲ್ಲ. ಎಲ್ಲರಂತೆ ಆಸ್ತಿ ಹೊಂದುವ, ಹಣ ನಿರ್ವಹಿಸುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು 2016ರ ಕಾಯ್ದೆಯಲ್ಲೇ ಇದೆ. "ಜೊತೆಗೆ ಯಾರನ್ನಾದ್ರೂ ದೊಡ್ಡವರನ್ನ ಕರ್ಕೊಂಡು ಬಾಪ್ಪಾ" ಅಂತ ಇಪ್ಪತ್ತೈದರ ಯುವಕನಿಗೆ ಹೇಳೋದು ಕನಿಕರ ಅಲ್ಲ, ಅವಮಾನ.

ಕಾಗದ-ಪತ್ರ ಸರಿಹೋಯ್ತು, ಹಗಲು ಕಳೆಯೋದು ಹೇಗೆ? ದುಡಿಮೆ ಬೇಕು. ಸರ್ಕಾರಿ ನೌಕರಿಯಲ್ಲಿ ಶೇ 4 ಮೀಸಲಾತಿ ಇದೆ. ಅದರಲ್ಲಿ ಶೇ 1 ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ಅಂಗವೈಕಲ್ಯದ ಗುಂಪಿಗೆ. ಎಲ್ಲರಿಗೂ ಸರ್ಕಾರಿ ಕೆಲಸ ಸಿಗಲ್ಲ, ಒಪ್ಪೋಣ. ಆದರೆ 2017ರಲ್ಲಿ ನಮ್ಮ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಶುರುವಾದ ಮಿಟ್ಟಿ ಕೆಫೆ ನೋಡಿ. ವಿಕಲಚೇತನ ಯುವಕ-ಯುವತಿಯರೇ ನಡೆಸೋ ಹೋಟೆಲು ಅದು. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೂ ಹೋಯ್ತು. ಕಲಿಸಿದರೆ ಕಲೀತಾರೆ, ಕೆಲಸ ಕೊಟ್ಟರೆ ಮಾಡ್ತಾರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ಆ ಕಲಿಕೆ ಹದಿನೆಂಟಕ್ಕೆ ಶುರುವಾದರೆ ತಡವಾಯ್ತು. ಹದಿಮೂರು, ಹದಿನಾಲ್ಕಕ್ಕೇ ಆರಂಭಿಸಿ. ಅಂಗಡಿಗೆ ಹೋಗಿ ಹಾಲು ತಂದು ಚಿಲ್ಲರೆ ಎಣಿಸಲಿ. ತಿಳಿದ ದಾರಿಯಲ್ಲಿ ಬಸ್ ಹತ್ತಿ ಇಳಿಯಲಿ, ಮೊದಲು ನಿಮ್ಮ ಜೊತೆ, ಆಮೇಲೆ ನೀವು ಹಿಂದಿನ ಸೀಟಲ್ಲಿ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ "ಬೇಡ" ಅಂತ ಕೂಗೋದು ಕಲೀಲಿ. ಯಾವ ಅಂಗಿ ಹಾಕ್ಕೋಬೇಕು ಅಂತ ಅವನೇ ಆರಿಸಲಿ. ಅಂಗಿ ಆರಿಸೋದು ಗೊತ್ತಿಲ್ಲದವನು ನಾಳೆ ಬದುಕಿನ ದೊಡ್ಡ ವಿಷಯ ಹೇಗೆ ಆರಿಸ್ತಾನೆ? ಹದಿನೇಳಕ್ಕೆ ಯುಡಿಐಡಿ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಸರಿ ಇದೆಯಾ ನೋಡಿ. ಪೋಷಕತ್ವ ಬೇಕೇ ಬೇಕು ಅನ್ನೋದಾದರೆ ಅರ್ಜಿಗೆ ದಾಖಲೆ ಜೋಡಿಸಿಡಿ.

ಮಾತಿಗೆ ನಾವೆಲ್ಲ ಇವರನ್ನ "ದೇವರ ಮಕ್ಕಳು" ಅಂತೀವಿ. ಮೂವತ್ತು ವರ್ಷ ಆದರೂ ಮಕ್ಕಳೇ! ಹಾಗನ್ನೋದು ನಮಗೆ ಸುಲಭ, ಅವರನ್ನ ಬೆಳೆಯೋಕೆ ಬಿಡಬೇಕಾಗಿಲ್ಲವಲ್ಲ. ಕಾನೂನು ಅವರನ್ನ ಹದಿನೆಂಟಕ್ಕೇ ದೊಡ್ಡವರು ಅಂತ ಒಪ್ಪಿದೆ. ಮನೆ ಒಪ್ಪೋದು ಯಾವಾಗ?