ಅರ್ಧ ತೇರಿನ ಸೀರೆ

ಧಾರವಾಡ ಬಿಟ್ಟು ಹೈದರಾಬಾದಿಗೆ ಬಂದಾಗ ನನ್ನವಳ ಟ್ರಂಕಿನಲ್ಲಿ ಬಟ್ಟೆಗಿಂತ ಕಸೂತಿ ದಾರವೇ ಹೆಚ್ಚು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದರೂ ಭಾಷಣ ಬಿಟ್ಟು ಪಕ್ಕದವರ ಸೆರಗು ನೋಡುತ್ತಿದ್ದಳು!

ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳಲ್ಲಿ ಗೋಪುರ, ಆನೆ, ತೇರು ಮೂಡುತ್ತಿದ್ದವು. ನಕಾಶೆಯಿಲ್ಲ, ಬರೀ ಎಳೆಯ ಎಣಿಕೆ. ಗವಂತಿಯಲ್ಲಿ ಒಳಗೂ ಹೊರಗೂ ಒಂದೇ ರೂಪ ಬರಬೇಕು. ಮಗಳಾಗಲಿ, ನೆರೆಮನೆಯ ತೆಲುಗು ಹುಡುಗಿಯಾಗಲಿ ಗಂಟು ಹಾಕಿದರೆ ಬಿಚ್ಚಿಸುತ್ತಿದ್ದಳು.

ಮುಗಿದದ್ದೆಲ್ಲ ದಾನ. ಬಾಣಂತಿಯರ ಮನೆಗೆ ಕುಲಾವಿ, ಮದುವೆಗೆ ಸೀರೆ. 'ನಮಗೊಂದಾದರೂ ಇರಲಿ' ಎಂದು ರೇಗಿದ್ದೇನೆ.

ಅವಳು ಹೋದಮೇಲೆ ಕಪಾಟಿನಲ್ಲಿ ಸಿಕ್ಕಿದ್ದು ಅರ್ಧ ತೇರಿನ ಇಳಕಲ್ ಸೀರೆ, ಸೂಜಿ ಅದರಲ್ಲೇ. ಮಗಳಿಗೆ ಮುಟ್ಟಲು ಧೈರ್ಯವಾಗಲಿಲ್ಲ. ಆ ತೆಲುಗು ಹುಡುಗಿಯೇ ಕೂತು ತೇರು ಮುಗಿಸಿಕೊಟ್ಟಳು.

ತಿರುಗಿಸಿ ನೋಡಿದೆ. ಒಂದೂ ಗಂಟಿಲ್ಲ.